ಎಡಗೈ ಗಂಟು

"ಈ ಬಲೆಗೆ ತೇಪೆ ಹಾಕಿದವರು ಯಾರು?"

ಬಾಗಿಲಲ್ಲಿ ನಿಂತವನ ದನಿ ಏರಿರಲಿಲ್ಲ. ಆದರೂ ಬಲೆ ರಿಪೇರಿಯ ಆ ಉದ್ದನೆಯ ಶೆಡ್ಡಿನಲ್ಲಿ ಹನ್ನೆರಡು ಹೆಂಗಸರ ಕೈಗಳು ಒಟ್ಟಿಗೇ ನಿಂತುಬಿಟ್ಟವು.

ಎರಡು ತಿಂಗಳ ಹಿಂದೆ ಈ ತೀರಕ್ಕೆ ಬಂದ ಹೊಸ ಬೋಟಿನವನು. ಹೆಗಲ ಮೇಲೆ ಹಸಿ ಬಲೆಯ ದೊಡ್ಡ ಮುದ್ದೆ ಹೊತ್ತು ನಿಂತಿದ್ದ. ಉಪ್ಪುನೀರು ಸೋರಿ ಅಂಗಿಯ ಒಂದು ಪಕ್ಕ ಪೂರ್ತಿ ನೆನೆದಿತ್ತು. ಬಲೆಯನ್ನು ನೆಲಕ್ಕೆ ಹಾಕಿ, ಹರಿದ ಜಾಗವನ್ನು ಎರಡೂ ಕೈಯಲ್ಲಿ ಅಗಲಿಸಿ ಎತ್ತಿ ತೋರಿಸಿದ. ಒಬ್ಬ ಮನುಷ್ಯ ಸಲೀಸಾಗಿ ತೂರಿಹೋಗುವಷ್ಟು ದೊಡ್ಡ ತೂತು.

"ನಿನ್ನೆ ಬಲೆ ಎಳೆಯುವಾಗ ತೇಪೆಯೇ ಬಿಟ್ಟುಕೊಳ್ತು. ಹಗ್ಗ ಹಿಡಿದಿದ್ದ ನಮ್ಮಣ್ಣ ಹಿಂದಕ್ಕೆ ಬಿದ್ದ. ಹೆಗಲಿನ ಮೂಳೆ ಮುರಿದಿದೆ. ಇನ್ನೊಂದು ಮೊಳ ಆಚೆ ಬಿದ್ದಿದ್ದರೆ ನೀರಿಗೇ ಹೋಗ್ತಿದ್ದ. ಅವನಿಗೆ ಇಬ್ಬರು ಮಕ್ಕಳಿದ್ದಾರೆ."

ಶೆಡ್ಡಿನ ಮೇಸ್ತ್ರಿ ಓಡಿ ಬಂದು, ಆ ಬಲೆ ಮೂರನೇ ಬೆಂಚಿನದು ಎಂದ. ಎಲ್ಲರ ಕಣ್ಣೂ ಮೂರನೇ ಬೆಂಚಿನ ಕಡೆ ಹೊರಳಿದವು.

ಅಲ್ಲಿ ಕೂತಿದ್ದವರು ಮೂವರು. ಒಬ್ಬಳು ರೇಡಿಯೋ. ಬೆಳಿಗ್ಗೆ ಬಾಯಿ ತೆರೆದರೆ ಸಂಜೆ ಬೀಗ ಹಾಕುವವರೆಗೂ ಮುಚ್ಚದವಳು, ಆಗ ಮಾತ್ರ ಉಸಿರೆತ್ತಲಿಲ್ಲ. ಇನ್ನೊಬ್ಬಳು ದೊಡ್ಡಕ್ಕ. ಅರವತ್ತು ದಾಟಿದವಳು, ಶೆಡ್ಡಿನ ಅರ್ಧ ಜನಕ್ಕೆ ಕೆಲಸ ಕಲಿಸಿದವಳು. ಅವಳ ಬೆರಳುಗಳು ಮಡಿಲಲ್ಲಿ ಒಂದನ್ನೊಂದು ಹುಡುಕುತ್ತಿದ್ದವು.

ಮೂರನೆಯವಳೇ ನಮ್ಮ ಎಡಚಿ. ಎಡಗೈಯಲ್ಲಿ ಸೂಜಿ ಹಿಡಿಯುತ್ತಾಳೆಂದು ಚಿಕ್ಕಂದಿನಲ್ಲಿ ಯಾರೋ ಕರೆದ ಹೆಸರು, ಮೂವತ್ತು ವರ್ಷ ತುಂಬಿದರೂ ಅವಳನ್ನು ಬಿಟ್ಟಿರಲಿಲ್ಲ.

ಹರಿದ ಜಾಗ ನೋಡಿದ ಕೂಡಲೇ ಅವಳ ಎದೆ ಧಸಕ್ಕೆಂದಿತು. ಆ ಮೂಲೆ ಕಟ್ಟಿದ್ದು ಯಾರೆಂದು ಅವಳಿಗೆ ಗೊತ್ತಿತ್ತು. ದಿನಾ ಸಂಜೆ ಎಲ್ಲರೂ ಹೊರಟ ಮೇಲೆ ಅರ್ಧ ಗಂಟೆ ನಿಂತು, ದೊಡ್ಡಕ್ಕ ಕಟ್ಟಿದ ಗಂಟುಗಳಲ್ಲಿ ಸಡಿಲವಾದವನ್ನು ಬಿಚ್ಚಿ ಮತ್ತೆ ಕಟ್ಟುವವಳು ಅವಳೇ. ಈ ಬಲೆ ಕಟ್ಟಿದ ದಿನ ಮಾತ್ರ ತಲೆನೋವೆಂದು ಬೇಗ ಮನೆಗೆ ಹೋಗಿದ್ದಳು. ಒಂದೇ ಒಂದು ದಿನ...

ಅವಳು ಎದ್ದು ನಿಂತಳು.

"ನಾನು. ತಪ್ಪು ನನ್ನದೇ."

ಅವನು ಅವಳ ಮುಖವನ್ನೇ ನೋಡಿದ. ಅಳುತ್ತಾಳೆ, ನೆಪ ಹೇಳುತ್ತಾಳೆ ಎಂದುಕೊಂಡಿದ್ದನೇನೋ. ಅವಳು ಎರಡನ್ನೂ ಮಾಡಲಿಲ್ಲ.

ನಾಳೆಯಿಂದ ದಿನಾ ಬೆಳಿಗ್ಗೆ ಬೋಟಿಗೇ ಬರಬೇಕು, ತನ್ನ ಕಣ್ಣೆದುರೇ ಈ ಬಲೆ ತುದಿಯಿಂದ ತುದಿಗೆ ಸರಿಯಾಗಬೇಕು ಎಂದ. ಮೇಸ್ತ್ರಿ ಹಲ್ಲು ಕಿರಿದು ಒಪ್ಪಿದ. ಅವಳೂ ಒಪ್ಪಿದಳು, ಹಲ್ಲು ಕಿರಿಯದೆ.

* * *

ದೊಡ್ಡಕ್ಕನ ಕಣ್ಣು ಮಂಕಾಗಿ ಎರಡು ವರ್ಷವಾಗಿತ್ತು. ಕಣ್ಣಿನ ಹಿಂದಿನ ನರವೇ ಒಣಗುತ್ತಿದೆ, ಇದಕ್ಕೆ ಕನ್ನಡಕವೂ ಇಲ್ಲ, ಆಪರೇಷನ್ನೂ ಇಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಆಗ ಜೊತೆಯಲ್ಲಿದ್ದದ್ದು ಎಡಚಿ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ದೊಡ್ಡಕ್ಕ ಅವಳ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಆಣೆ ತೆಗೆದುಕೊಂಡಿದ್ದಳು.

"ಯಾರಿಗೂ ಹೇಳಬೇಡ ಕಣೇ. ಗೊತ್ತಾದ ದಿನವೇ ಮನೆಗೆ ಕಳಿಸ್ತಾರೆ. ನಾಲ್ಕು ಗೋಡೆ ನೋಡ್ಕೊಂಡು ಕೂತರೆ ನಾನು ಆರು ತಿಂಗಳೂ ಬದುಕಲ್ಲ."

ಇಲ್ಲ ಅನ್ನಲು ಎಡಚಿಗೆ ಬಾಯಿ ಬಂದೀತೇ? ಹನ್ನೆರಡರ ವಯಸ್ಸಿಗೆ ತಾಯಿ ಇಲ್ಲದವಳಾಗಿ ಈ ಶೆಡ್ಡಿಗೆ ಬಂದಾಗ, ಎಡಗೈಯವಳಿಗೆ ಬಲೆ ಕೆಲಸ ಹತ್ತುವುದಿಲ್ಲ ಎಂದು ಎಲ್ಲರೂ ತಲೆಯಾಡಿಸಿದ್ದರು. ದೊಡ್ಡಕ್ಕ ಮಾತ್ರ ತನ್ನ ಮಣೆ ಎತ್ತಿ ಅವಳ ಎದುರಿಗೆ ಹಾಕಿಕೊಂಡಳು. ಕನ್ನಡಿ ನೋಡ್ಕೊಂಡು ತಲೆ ಬಾಚಲ್ವಾ, ಹಾಗೇ ನನ್ನ ನೋಡ್ಕೊಂಡು ಕಟ್ಟು ಎಂದಳು. ಪಕ್ಕದಲ್ಲಿ ಕೂತು ಕಲಿತವರ ಗಂಟೆಲ್ಲ ಒಂದು ಕಡೆಗೆ ವಾಲಿದರೆ, ಎದುರು ಕೂತು ಕಲಿತ ಎಡಚಿಯ ಗಂಟು ಇನ್ನೊಂದು ಕಡೆಗೆ ವಾಲುತ್ತಿತ್ತು. ಗಟ್ಟಿತನದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಶೆಡ್ಡಿನವರಿಗೆ ಅದು ನೋಡಿ ನೋಡಿ ಅಭ್ಯಾಸವಾಗಿ, ಹಾಗೊಂದು ವ್ಯತ್ಯಾಸ ಇದೆ ಎಂಬುದೇ ಮರೆತುಹೋಗಿತ್ತು.

ತಪ್ಪನ್ನು ಮೈಮೇಲೆ ಎಳೆದುಕೊಂಡ ಎಡಚಿಗೂ ಅದು ನೆನಪಾಗಲಿಲ್ಲ.

* * *

ಮೊದಲ ದಿನ ಅವನು ಬಲೆಯ ಇನ್ನೊಂದು ತುದಿಯಲ್ಲಿ ಕೂತು, ಅವಳು ಕಟ್ಟಿದ್ದನ್ನೆಲ್ಲ ಎಳೆದು ಎಳೆದು ಪರೀಕ್ಷಿಸಿದ. ಇಬ್ಬರ ನಡುವೆ ಹತ್ತು ಮಾತೂ ಆಗಲಿಲ್ಲ. ಮಧ್ಯಾಹ್ನ ಅವಳು ಶೆಡ್ಡಿಗೆ ಮರಳಿ, ಸಂಜೆ ಎಂದಿನಂತೆ ದೊಡ್ಡಕ್ಕನ ಗಂಟುಗಳನ್ನು ನೋಡಿದಳು.

ಎರಡನೇ ದಿನ ಅವಳು ಹೊಸದಾಗಿ ಕಟ್ಟಿದ ಜಾಗವನ್ನೂ, ಹರಿದ ತೇಪೆಯ ಅಂಚನ್ನೂ ಒಟ್ಟಿಗೆ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಅವಳ ಕೈ ನೋಡಿದ. ಎದ್ದು ಹೋದ.

'ಇನ್ನೂ ತಪ್ಪು ಹುಡುಕ್ತಾ ಇದ್ದಾನೆ...' ಎಂದುಕೊಂಡು ಅವಳು ದಾರವನ್ನು ಇನ್ನಷ್ಟು ಬಿಗಿಯಾಗಿ ಎಳೆದಳು.

ಆದರೆ ಮೂರನೇ ದಿನ ಅವಳು ಕೂರುವ ಜಾಗದ ಮೇಲೆ ಒಂದು ಹಳೆಯ ಟಾರ್ಪಾಲು ಬಂದಿತ್ತು. ಬಿಸಿಲು ಹೊರಳಿದ ಹಾಗೆಲ್ಲ ಅವನು ಎದ್ದು ಅದರ ಹಗ್ಗ ಬಿಚ್ಚಿ ಇನ್ನೊಂದು ಕಂಬಕ್ಕೆ ಕಟ್ಟುತ್ತಿದ್ದ. ಒಂದು ಬೆಳಿಗ್ಗೆಗೆ ನಾಲ್ಕು ಸಲ. ಅದೇನೂ ದೊಡ್ಡ ವಿಷಯವಲ್ಲ ಎಂಬಂತೆ ಮುಖ ಬೇರೆ ಕಡೆ ತಿರುಗಿಸಿಕೊಂಡು.

ಕೈಗೆ ಜೋಳಿಗೆಯಂಥ ಪಟ್ಟಿ ಕಟ್ಟಿಕೊಂಡ ಅವನ ಅಣ್ಣ ಪೆಟ್ಟಿಗೆಯೊಂದರ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ. ಮೊದಲ ವಾರ ಅವನ ಎದುರು ತಲೆ ಎತ್ತಲು ಎಡಚಿಗೆ ಆಗುತ್ತಿರಲಿಲ್ಲ. ಕೊನೆಗೆ ಒಂದು ದಿನ ಎದುರು ನಿಂತು ಕ್ಷಮೆ ಕೇಳಿದಳು. ಆತ ನಕ್ಕು, ಹೆಂಡತಿ ಇಪ್ಪತ್ತು ದಿನದಿಂದ ತುತ್ತು ಮಾಡಿ ಬಾಯಿಗೆ ಕೊಡುತ್ತಿದ್ದಾಳೆ, ಮದುವೆಯಾದ ಹೊಸದರಲ್ಲೂ ಈ ಭಾಗ್ಯ ಇರಲಿಲ್ಲ ಎಂದ. ಆಮೇಲೆ ದನಿ ತಗ್ಗಿಸಿ, ನಮ್ಮವನು ಟಾರ್ಪಾಲು ಕಟ್ಟಿದ್ದು ಮಾತ್ರ ಇದೇ ಮೊದಲು, ನನಗೆ ಜ್ವರ ಬಂದಾಗಲೂ ಕಟ್ಟಿರಲಿಲ್ಲ ಎಂದ.

ಎಡಚಿಯ ಕಿವಿ ಬಿಸಿಯಾಯಿತು.

ಪ್ರೀತಿ ಅನ್ನುವುದು ಬಾಗಿಲು ತಟ್ಟಿ ಬರುವ ನೆಂಟನಲ್ಲ. ಹಿತ್ತಲಿಂದ ಬಂದು ಅಡುಗೆಮನೆಯಲ್ಲಿ ಕೂತಿರುತ್ತದೆ, ನಮಗೆ ಗೊತ್ತಾಗುವುದು ಆಮೇಲೆ. ಅವಳಿಗೂ ಹಾಗೇ ಆಯಿತು. ಅವನು ಲೋಟಕ್ಕೆ ಚಹಾ ಬಗ್ಗಿಸುವಾಗ ಮೊದಲು ಅವಳದ್ದು ತುಂಬುತ್ತಿದ್ದ. ಹಳೆಯ ಊರು ಬಿಟ್ಟು ಬಂದ ಕಥೆ ಹೇಳುತ್ತಿದ್ದ. ಅವಳು ನಗುತ್ತಿದ್ದಳು, ನಕ್ಕ ಮೇಲೆ ಗಾಬರಿಯಾಗುತ್ತಿದ್ದಳು.

'ನನ್ನ ಮೇಲೆ ಇವನಿಗೆ ನಂಬಿಕೆ ಬರ್ತಿದೆ. ಆ ನಂಬಿಕೆಯ ಬುಡದಲ್ಲೇ ಒಂದು ಸುಳ್ಳಿದೆಯಲ್ಲ... ದೇವರೇ, ಏನು ಮಾಡಲಿ?'

ಅವನಿಗೆ ಹೇಳಿದರೆ ದೊಡ್ಡಕ್ಕನಿಗಿಟ್ಟ ಆಣೆ ಮುರಿಯುತ್ತದೆ. ಹೇಳದಿದ್ದರೆ ಅವನಿಗೆ ಮೋಸ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾಗಿತ್ತು ಅವಳ ಪಾಡು.

ತಿಂಗಳ ಕೊನೆಗೆ ಬಲೆಯ ಕೆಲಸ ಮುಗಿಯುತ್ತ ಬಂತು. ಒಂದು ಬೆಳಿಗ್ಗೆ ಅವನು ಎದುರು ಬಂದು ಕೂತ. ಮಾತಿಗೆ ತಡಕಾಡಿದ.

"ಅವತ್ತು ಶೆಡ್ಡಿನಲ್ಲಿ, ನಾನೇ ಅಂದಿರಲ್ಲ... ಅದರ ಬಗ್ಗೆ ನನಗೆ ಏನಾದರೂ ಹೇಳೋದಿದೆಯಾ?"

ಅವಳ ಕೈಯಲ್ಲಿ ಸೂಜಿ ನಿಂತಿತು. ಹೇಳಿಬಿಡು, ಹೇಳಿಬಿಡು ಎಂದು ಒಳಗಿಂದ ಯಾರೋ ನೂಕಿದಂತಾಯಿತು. ಆದರೆ ಕಣ್ಣಮುಂದೆ ಬಂದದ್ದು ಆಸ್ಪತ್ರೆಯ ಮೆಟ್ಟಿಲು.

"ಇಲ್ಲ."

"ಏನೂ ಇಲ್ವಾ?"

"ಏನೂ ಇಲ್ಲ."

ಅವನು ನಿಧಾನವಾಗಿ ತಲೆಯಾಡಿಸಿದ. ಮಧ್ಯಾಹ್ನ ಅವಳು ಹೊರಡುವಾಗ, ಕೆಲಸ ಮುಗಿದಂತೆಯೇ, ಇನ್ನು ಬರುವುದು ಬೇಡ, ಮೀನು ತುಂಬುವ ಕೆಳಗಿನ ಚೀಲ ಮಾತ್ರ ಉಳಿದಿದೆ, ಅದನ್ನು ಶೆಡ್ಡಿಗೇ ಕಳಿಸುತ್ತೇನೆ ಎಂದ. ಟಾರ್ಪಾಲು ಆಗಲೇ ಮಡಚಿ ಮೂಲೆಗೆ ಸೇರಿತ್ತು.

* * *

ಎಡಚಿ ಎರಡು ದಿನ ಜ್ವರವೆಂದು ಹೇಳಿ ಕೆಲಸಕ್ಕೆ ಹೋಗಲಿಲ್ಲ. ಜ್ವರವೂ ಇಲ್ಲ, ಗಿರವೂ ಇಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿ, ಅಣ್ಣನ ಮೂಳೆ ಮುರಿದವಳನ್ನು ಅವನು ಯಾವತ್ತೂ ಕ್ಷಮಿಸುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಅತ್ತಳು.

ಮೂರನೇ ದಿನ ಬೆಳಿಗ್ಗೆ ಹತ್ತಕ್ಕೆ ರೇಡಿಯೋ ಏದುಸಿರು ಬಿಡುತ್ತ ಒಳಗೆ ನುಗ್ಗಿದಳು.

"ಎದ್ದೇಳೇ! ಅವನ ಬಲೆ ಶೆಡ್ಡಿಗೆ ಬಂದಿತ್ತು. ಕೆಳಗಿನ ಚೀಲದ ಭಾಗ ಪೂರ್ತಿ ದೊಡ್ಡಕ್ಕನೇ ಕಟ್ಟಿದ್ದು. ಒಂದೇ ಬೆಂಚಲ್ಲಿ ಕೂರೋಳಿಗೆ ಅವಳ ಕಣ್ಣಿನ ಗುಟ್ಟು ಗೊತ್ತಾಗಲ್ವಾ? ನಾನು ಸಂಜೆ ನೋಡೋಣ ಅಂತಿದ್ದೆ, ಮೇಸ್ತ್ರಿ ಎದುರು ನಿಂತು ಹೊರಿಸಿ ಕಳಿಸಿಬಿಟ್ಟ. ಹನ್ನೊಂದಕ್ಕೆ ಬೋಟು ಹೊರಡತ್ತಂತೆ."

ಎಡಚಿ ದಡಕ್ಕನೆ ಎದ್ದು ಕೂತಳು. ಹೋದ ಸಲ ತಲೆನೋವು, ಈ ಸಲ ಸುಳ್ಳು ಜ್ವರ. ಎರಡು ಸಲವೂ ತಾನು ಇರಬೇಕಾದ ಕಡೆ ಇರಲಿಲ್ಲ. ಹೋದ ಸಲ ಮೂಳೆ ಮುರಿದಿತ್ತು. ಈ ಸಲ ಅಣ್ಣನ ಜಾಗದಲ್ಲಿ ಹಗ್ಗ ಹಿಡಿಯುವವನು ಅವನೇ.

ಅತ್ತ ಕಣ್ಣನ್ನು ಸೆರಗಿನಲ್ಲಿ ಒರೆಸಿಕೊಂಡು ಎದ್ದಳು. ಅಲ್ಲಿಗೆ ಅವಳ ಅಳು ಮುಗಿಯಿತು.

ನೇರವಾಗಿ ಬೋಟು ನಿಲ್ಲುವ ದಕ್ಕೆಗೆ ಹೋಗಬಹುದಿತ್ತು. ಹೋಗಲಿಲ್ಲ. ಮೊದಲು ಶೆಡ್ಡಿಗೆ ಹೋಗಿ ದೊಡ್ಡಕ್ಕನ ಎದುರಿಗೆ ಮಂಡಿಯೂರಿ ಕೂತಳು. ಆ ಬೆಂಚಿನಲ್ಲಿ ಆಗ ಬೇರೆ ಯಾರೂ ಇರಲಿಲ್ಲ.

"ದೊಡ್ಡಕ್ಕ, ಆ ಬಲೆ ನೀರಿಗಿಳಿಯಬಾರದು. ನಾನು ಹೋಗಿ ತಡೀತೀನಿ. ಯಾಕೆ ಅಂತ ಕೇಳಿದರೆ ನಿಜ ಹೇಳ್ತೀನಿ."

ದೊಡ್ಡಕ್ಕನ ಮುಖ ಕಲ್ಲಾಯಿತು. "ಆಣೆ ಇಟ್ಟಿದ್ದೆ ನೀನು."

"ಇಟ್ಟಿದ್ದೆ. ಇವತ್ತು ಮುರೀತೀನಿ. ನಿನ್ನ ಬೆನ್ನ ಹಿಂದೆ ಮುರಿಯೋಕೆ ಮನಸ್ಸು ಬರಲಿಲ್ಲ, ಅದಕ್ಕೆ ಹೇಳಿ ಹೋಗೋಣ ಅಂತ ಬಂದೆ."

"ಅವನಿಗೋಸ್ಕರ ನನ್ನ ಬೀದಿಗೆ ಹಾಕ್ತೀಯಾ?"

ಆ ಮಾತು ಎದೆಗೆ ನಾಟಿತು. ಆದರೂ ಎಡಚಿ ಹಿಂದೆ ಸರಿಯಲಿಲ್ಲ. ಆ ಬೋಟಿನಲ್ಲಿ ಅವನೊಬ್ಬನೇ ಅಲ್ಲ, ಏಳು ಜನ ಇದ್ದಾರೆ ಎಂದಳು. ಏಳು ಮನೆಯಲ್ಲಿ ಯಾರೋ ಅವರ ದಾರಿ ಕಾಯುತ್ತಾರೆ ಎಂದಳು. ಎರಡು ವರ್ಷ ತಾನು ಗಂಟು ಬಿಚ್ಚಿ ಕಟ್ಟಿದ್ದು ಪ್ರೀತಿಯಿಂದಲೇ, ಆದರೆ ಅದರಿಂದ ಒಬ್ಬನ ಮೂಳೆ ಮುರಿಯಿತು ಎಂದಳು.

"ನೀನೇ ಹೇಳಿಕೊಟ್ಟಿದ್ದು ದೊಡ್ಡಕ್ಕ, ಗಂಟು ಹಾಕುವಾಗ ಅದನ್ನು ಹಿಡಿದು ನಿಲ್ಲೋರ ಮುಖ ನೆನೀಬೇಕು ಅಂತ. ಬರೋದಿದ್ದರೆ ಬಾ. ಬರದಿದ್ದರೂ ನಾನು ಸಂಜೆ ನಿನ್ನ ಮನೆಗೇ ಬರ್ತೀನಿ. ಬಾಗಿಲು ಹಾಕ್ಕೊಂಡರೆ ಜಗಲಿ ಮೇಲೆ ಕೂರ್ತೀನಿ."

ದೊಡ್ಡಕ್ಕ ಮುಖ ತಿರುಗಿಸಿಕೊಂಡಳು. ಎಡಚಿ ಎದ್ದು ಹೊರಟಳು.

* * *

ದಕ್ಕೆಯಲ್ಲಿ ಬೋಟಿನ ಇಂಜಿನ್ ಆಗಲೇ ಗುಡುಗುಡು ಅನ್ನುತ್ತಿತ್ತು. ಕಟ್ಟಿದ ಹಗ್ಗ ಬಿಚ್ಚಲು ಒಬ್ಬ ಬಗ್ಗಿದ್ದ. ಎಡಚಿ ಹೋಗಿ ಆ ಹಗ್ಗದ ಮೇಲೆ ಕಾಲಿಟ್ಟು ನಿಂತಳು.

ಮೇಲಿನಿಂದ ಅವನು ನೋಡಿದ. ಇಂಜಿನ್ ನಿಲ್ಲಿಸಿ ಕೆಳಗಿಳಿದು ಬಂದ. ದಕ್ಕೆಯಲ್ಲಿದ್ದ ಇಪ್ಪತ್ತು ಮೂವತ್ತು ಜನ ಸುತ್ತ ನೆರೆದರು. ಮೇಸ್ತ್ರಿಯೂ, ಕೈಗೆ ಪಟ್ಟಿ ಕಟ್ಟಿಕೊಂಡ ಅವನ ಅಣ್ಣನೂ ಅವರಲ್ಲಿದ್ದರು.

"ಈ ಬಲೆ ನೀರಿಗೆ ಇಳಿಸಬೇಡಿ. ಕೆಳಗಿನ ಭಾಗ ನಂಬೋ ಹಾಗಿಲ್ಲ," ಎಂದಳು.

"ಯಾಕೆ?"

ಎಲ್ಲರೂ ಕೇಳುತ್ತಿದ್ದಾರೆ. ಹೇಳಬೇಕಾದ ಹೆಸರು ನಾಲಿಗೆಯ ತುದಿಗೆ ಬಂದಿತ್ತು.

"ಯಾಕಂದರೆ ಅದನ್ನು ಕಟ್ಟಿದೋಳಿಗೆ ಕಣ್ಣು ಕಾಣಲ್ಲ."

ಹೇಳಿದ್ದು ಎಡಚಿಯಲ್ಲ. ಗುಂಪಿನ ಹಿಂದಿನಿಂದ, ರೇಡಿಯೋಳ ಭುಜ ಹಿಡಿದು ದೊಡ್ಡಕ್ಕ ಬರುತ್ತಿದ್ದಳು. ಜನ ದಾರಿ ಬಿಟ್ಟರು.

"ನಾನೇ ಕಟ್ಟಿದ್ದು. ಹೋದ ಸಲ ಹರಿದದ್ದೂ ನನ್ನದೇ. ಎರಡು ವರ್ಷದಿಂದ ಅಂದಾಜಿನ ಮೇಲೆ ಕಟ್ತಾ ಇದ್ದೀನಿ. ಈ ಹುಡುಗಿ ನನ್ನ ಮಾನ ಕಾಯೋಕೆ ಹೋಗಿ ತನ್ನ ಮಾನ ಕಳ್ಕೊಂಡಳು." ಮುಖವನ್ನು ಅಣ್ಣನಿದ್ದ ದಿಕ್ಕಿಗೆ ಅಂದಾಜಿನಿಂದ ತಿರುಗಿಸಿ ಕೈಮುಗಿದಳು. "ತಮ್ಮಾ, ನಿನ್ನ ಹೆಗಲು ಮುರಿದೋಳು ನಾನು. ನನ್ನನ್ನ ಬಯ್ಯಿ."

ಯಾರೂ ಬಯ್ಯಲಿಲ್ಲ. ಬಲೆಯನ್ನು ದಕ್ಕೆಯ ಮೇಲೇ ಹರವಿದರು. ಕೆಳಭಾಗದಲ್ಲಿ ಮೂರು ಕಡೆ ಗಂಟು ಬೆರಳಿನಿಂದ ಎಳೆದರೇ ಜಾರಿತು.

ಆಮೇಲೆ ಶೆಡ್ಡಿನಿಂದ ಒಬ್ಬೊಬ್ಬರಾಗಿ ಹೆಂಗಸರು ಸೂಜಿ ದಾರ ಹಿಡಿದು ಬಂದು ಬಲೆಯ ಸುತ್ತ ಕೂತರು. ಯಾರೂ ಕರೆದಿರಲಿಲ್ಲ. ರೇಡಿಯೋ ಮಾತ್ರ ದಾರಿಯುದ್ದಕ್ಕೂ ಸುದ್ದಿ ಹೇಳುತ್ತ ಬಂದಿದ್ದಳು, ಅವಳ ಬಾಯಿ ಅವತ್ತು ಉಪಕಾರಕ್ಕೆ ಬಂತು.

ದೊಡ್ಡಕ್ಕ ಒಂದು ಕಡೆ ಬರಿಗೈಯಲ್ಲಿ ನಿಂತಿದ್ದಳು. ಎಡಚಿ ಅತ್ತ ನೋಡಿದಳು. ಬಲೆಯ ದಾರ ತೆಳು, ಅದಕ್ಕೆ ಕಣ್ಣು ಬೇಕೇ ಬೇಕು. ಆದರೆ ಬಲೆಯ ಅಂಚಿಗೆ ಹಾಕುವ ಹೆಬ್ಬೆರಳು ದಪ್ಪದ ಹಗ್ಗ? ಅದರ ತುದಿಗಳನ್ನು ಎಳೆ ಬಿಡಿಸಿ ಒಂದರೊಳಗೊಂದು ಹೆಣೆದು ಜೋಡಿಸುವಾಗ ಯಾರಾದರೂ ಕೈ ನೋಡಿಕೊಳ್ಳುತ್ತಾರೆಯೇ? ತಾನೇ ಎಷ್ಟು ಸಲ ಹರಟುತ್ತ, ಎತ್ತಲೋ ನೋಡುತ್ತ ಜೋಡಿಸಿಲ್ಲ!

ಅವಳು ಹೋಗಿ ಎರಡು ತುಂಡು ಹಗ್ಗ ತಂದು ದೊಡ್ಡಕ್ಕನ ಕೈಗಿಟ್ಟಳು. ದೊಡ್ಡಕ್ಕನ ಬೆರಳುಗಳು ತಾವಾಗಿಯೇ ಎಳೆ ಬಿಡಿಸತೊಡಗಿದವು. ಹತ್ತು ನಿಮಿಷದಲ್ಲಿ ಹಗ್ಗ ಒಂದಾಯಿತು. ಅವನು ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದನ್ನು ಹಿಡಿದು ಮೂವರ ಜೊತೆ ಜಗ್ಗಿದ. ಕಂಬ ಅಲ್ಲಾಡಿತೇ ಹೊರತು ಹಗ್ಗ ಜಗ್ಗಲಿಲ್ಲ.

ಎಡಚಿ ಮೇಸ್ತ್ರಿಯ ಎದುರು ಹೋಗಿ ನಿಂತಳು. ಶೆಡ್ಡಿನ ಹಗ್ಗದ ಕೆಲಸವೆಲ್ಲ ಇನ್ನು ಮುಂದೆ ದೊಡ್ಡಕ್ಕನಿಗೆ ಬಿಡಬೇಕು ಎಂದಳು. ಮೇಸ್ತ್ರಿ ನೋಡೋಣ ಎಂದ. ನೋಡೋಣ ಅಲ್ಲ, ಈಗಲೇ ಹೇಳಿ, ಇಲ್ಲದಿದ್ದರೆ ಮೂರನೇ ಬೆಂಚು ನಾಳೆಯಿಂದ ಖಾಲಿ ಎಂದಳು. ಬಲೆಯ ಸುತ್ತ ಕೂತವರಲ್ಲಿ ಯಾರೋ, ಮೂರನೆಯದೊಂದೇ ಅಲ್ಲ ಎಂದರು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡು, ತಾನೂ ಅದನ್ನೇ ಹೇಳಬೇಕೆಂದಿದ್ದೆ ಎಂದ.

ದೊಡ್ಡಕ್ಕ ಎಡಚಿಯ ಮುಖವನ್ನು ಎರಡೂ ಕೈಯಲ್ಲಿ ತಡವಿದಳು. "ಬೀದಿಗೆ ಹಾಕ್ತೀಯಾ ಅಂದುಬಿಟ್ಟೆ. ನಾಲಿಗೆಗೆ ಮೂಳೆ ಇಲ್ಲ ಕಣೇ."

"ಗೊತ್ತು ಬಿಡು," ಎಂದಳು ಎಡಚಿ. ಆಗ ಮಾತ್ರ ಅವಳ ಕಣ್ಣು ಮತ್ತೆ ತುಂಬಿತು.

* * *

ಮಧ್ಯಾಹ್ನದ ಹೊತ್ತಿಗೆ ಬಲೆ ಸಿದ್ಧವಾಯಿತು. ಹೆಂಗಸರು ಎದ್ದು ಹೋದರು. ಹೋಗುವ ಮೊದಲು ರೇಡಿಯೋ ಎಲ್ಲರನ್ನೂ ಬೇಕೆಂದೇ ಅವಸರಪಡಿಸಿದಳು ಎಂದು ಬೇರೆ ಹೇಳಬೇಕೇ?

ಅವನು ಬಂದು ಸ್ವಲ್ಪ ದೂರದಲ್ಲಿ ನಿಂತ.

"ನನಗೆ ಎರಡನೇ ದಿನವೇ ಗೊತ್ತಿತ್ತು," ಎಂದ. "ನಿಮ್ಮ ಗಂಟು ವಾಲೋದೇ ಬೇರೆ ಕಡೆ. ಹರಿದ ತೇಪೆ ನಿಮ್ಮದಲ್ಲ ಅಂತ ಅವತ್ತೇ ತಿಳೀತು. ನೀವಾಗಿ ಹೇಳ್ತೀರಿ ಅಂತ ಕಾದೆ. ಇಲ್ಲ ಅಂದಾಗ... ಮುಖ ನೋಡಿ ಸುಳ್ಳು ಹೇಳೋರ ಜೊತೆ ಬಾಳೋದು ಹೇಗೆ ಅನ್ನಿಸ್ತು."

ಎಡಚಿ ಬಿಟ್ಟ ಕಣ್ಣು ಬಿಟ್ಟಂತೆ ನಿಂತಳು. ಎರಡು ದಿನ ಗೋಡೆಗೆ ಮುಖ ಮಾಡಿ ಅತ್ತದ್ದು ನೆನಪಾಯಿತು. ದುಃಖ ಹೋಗಿ ಆ ಜಾಗಕ್ಕೆ ಸಿಟ್ಟು ಬಂತು.

"ನಾನು ಹೇಳಿದ್ದು ಸುಳ್ಳೇ. ಅದಕ್ಕೆ ಕ್ಷಮಿಸಿ. ಆದರೆ ನೀವೇನು ಮಾಡಿದಿರಿ? ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಒಂದು ತಿಂಗಳು ಎದುರು ಕೂತು ಚಹಾ ಕುಡಿದಿರಿ. ನನ್ನನ್ನು ಪರೀಕ್ಷೆ ಮಾಡಿದಿರಿ. ಅವತ್ತೇ ನೇರವಾಗಿ ಕೇಳಿದ್ದರೆ ಈ ಬಲೆ ಇವತ್ತು ಇಲ್ಲಿವರೆಗೆ ಬರ್ತಿರಲಿಲ್ಲ. ನಿಮ್ಮ ಜೀವಕ್ಕೆ..."

ಅವನು ತಲೆ ತಗ್ಗಿಸಿದ.

"ಹೌದು. ತಪ್ಪು ನನ್ನದೂ ಇದೆ," ಎಂದ. "ಇನ್ನೊಬ್ಬರ ತಪ್ಪಿಗೆ ಎದ್ದು ನಿಂತಳಲ್ಲ ಅಂತ ಎರಡನೇ ದಿನವೇ ಮನಸ್ಸು ಕೊಟ್ಟುಬಿಟ್ಟೆ. ಆಮೇಲೆ ಅದೇ ಮಾತಿಗೆ ಸಿಟ್ಟು ಮಾಡ್ಕೊಂಡೆ. ನನಗೇ ನಾನು ಅರ್ಥ ಆಗಲಿಲ್ಲ."

ಅಲೆಯೊಂದು ದಕ್ಕೆಗೆ ಬಡಿದು ಹಿಂದಕ್ಕೆ ಹೋಯಿತು. ಅವಳ ಸಿಟ್ಟು ಇಳಿಯುತ್ತಿತ್ತು, ಆದರೆ ಸುಲಭಕ್ಕೆ ಬಿಟ್ಟುಕೊಡುವ ಮನಸ್ಸಿರಲಿಲ್ಲ.

"ಇನ್ನು ಮುಂದೆ ಏನೇ ಅನುಮಾನ ಬಂದರೂ ಅವತ್ತೇ ಕೇಳಬೇಕು."

"ಕೇಳ್ತೀನಿ. ಕೇಳಿದರೆ ನಿಜ ಹೇಳಬೇಕು."

"ಹೇಳ್ತೀನಿ."

"ಹಾಗಾದರೆ ಈಗಲೇ ಒಂದು ಕೇಳ್ಲಾ?" ಅವನು ಒಂದು ಹೆಜ್ಜೆ ಹತ್ತಿರ ಬಂದ. "ನನ್ನ ಮದುವೆ ಆಗ್ತೀಯಾ?"

'ನೀವು' ಹೋಗಿ 'ನೀನು' ಆದದ್ದನ್ನು ಅವಳು ಗಮನಿಸಿದಳು.

"ಆಗ್ತೀನಿ. ಆದರೆ ದೊಡ್ಡಕ್ಕ ನನ್ನ ಜೊತೆಗೇ ಇರ್ತಾಳೆ. ಅದಕ್ಕೆ ಒಪ್ಪಿದರೆ ಮಾತ್ರ."

"ಅವರನ್ನು ಒಬ್ಬರನ್ನೇ ಬಿಟ್ಟು ಬರ್ತೀನಿ ಅಂದಿದ್ದರೆ ನಾನೇ ಬೇಡ ಅಂತಿದ್ದೆ," ಎಂದು ಅವನು ನಕ್ಕ. ಆಮೇಲೆ ಅಳುಕಿನಿಂದ ಕೇಳಿದ, "ನಿನ್ನನ್ನ ಕೇಳೋಕೆ ಅಣ್ಣ ಅತ್ತಿಗೆಯನ್ನ ಯಾರ ಹತ್ತಿರ ಕರ್ಕೊಂಡು ಬರಲಿ?"

"ಇನ್ಯಾರ ಹತ್ತಿರ? ದೊಡ್ಡಕ್ಕನ ಹತ್ತಿರ."

"ಅವರು ಒಪ್ತಾರಾ?"

"ಮೊದಲು ಬೈತಾಳೆ," ಎಂದಳು ಅವಳು, ಅವನ ಕೈ ಹಿಡಿದುಕೊಂಡು. "ಬೈದು ಮುಗಿಯೋ ತನಕ ನಾನು ನಿನ್ನ ಪಕ್ಕದಲ್ಲೇ ಕೂತಿರ್ತೀನಿ."